ಪುದೀನ ಎಣ್ಣೆ ಹೊಟ್ಟೆಯ ಸೆಳೆತ ಬಿಡಿಸುತ್ತದೆ, ಕತ್ತಿನ ಬಿಗಿತ ಯಾಕೆ ಬಿಡಿಸುವುದಿಲ್ಲ?

ಪ್ರಶ್ನೆ: ದಿನವಿಡೀ ಕೂತು ಮಾಡುವ ಕೆಲಸ ನನ್ನದು. ಸಂಜೆಯ ಹೊತ್ತಿಗೆ ಕತ್ತು, ಭುಜ ಎರಡೂ ಹಿಡಿದುಕೊಂಡಿರುತ್ತವೆ. ಹಿಂದೊಮ್ಮೆ ಹೊಟ್ಟೆ ಸೆಳೆತಕ್ಕೆ ಡಾಕ್ಟರು ಪೆಪ್ಪರ್‌ಮಿಂಟ್ ಎಂಬ ಪುದೀನ ಜಾತಿಯ ಎಣ್ಣೆಯ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ಅದು ಸ್ನಾಯುವನ್ನು ಸಡಿಲಿಸುತ್ತದೆ ಎಂದರು, ನನಗೆ ಗುಣವೂ ಆಯಿತು. ಅದೇ ಎಣ್ಣೆಯನ್ನು ಕತ್ತಿಗೆ ಹಚ್ಚಿದರೆ ಅಲ್ಲಿನ ಬಿಗಿತವೂ ಹೋಗಬೇಕಲ್ವಾ? ಹಚ್ಚಿದಾಗ ತಂಪಾಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಲ್ಯಾವೆಂಡರ್, ನೀಲಗಿರಿ, ಕರ್ಪೂರ, ವಿಂಟರ್‌ಗ್ರೀನ್ ಇವುಗಳಲ್ಲಿ ಯಾವುದು ನಿಜವಾಗಿ ಸ್ನಾಯು ಸಡಿಲಿಸುತ್ತದೆ? ಎಷ್ಟು ಹನಿ ಬೆರೆಸಬೇಕು? ರಾತ್ರಿ ಕಾಲು ನೋವು ಎಂದು ಅಳುವ ನನ್ನ ಮೂರು ವರ್ಷದ ಮಗನಿಗೂ ಹಚ್ಚಬಹುದೇ?

ಉತ್ತರ: ಕ್ಯಾಪ್ಸೂಲಿನಿಂದ ನಿಮಗೆ ಗುಣವಾದದ್ದಕ್ಕೆ ಗಟ್ಟಿ ಕಾರಣವಿದೆ. ಅದೇ ಕಾರಣವನ್ನು ಕತ್ತಿಗೂ ಅನ್ವಯಿಸಲು ಹೋದಾಗ ಎರಡು ಕಡೆ ಲೆಕ್ಕ ತಪ್ಪುತ್ತದೆ. ಕತ್ತಿನ ಸ್ನಾಯು ಬೇರೆ ಜಾತಿಯದು. ಅದನ್ನು ತಲುಪುವ ಎಣ್ಣೆಯ ಪ್ರಮಾಣವೂ ಬೇರೆ. ಈ ಎರಡನ್ನು ಬಿಡಿಸಿ ನೋಡಿದರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಬಹುಪಾಲು ಉತ್ತರ ಸಿಕ್ಕಿಬಿಡುತ್ತದೆ.

ಮೊದಲು ಸ್ನಾಯು. ಕರುಳು, ಶ್ವಾಸನಾಳ, ಗರ್ಭಕೋಶ, ರಕ್ತನಾಳ ಇವುಗಳ ಗೋಡೆಯಲ್ಲಿರುವುದು ನಯ ಸ್ನಾಯು. ನಾವು ಹೇಳಿದರೂ ಕೇಳದೆ ತನ್ನ ಪಾಡಿಗೆ ತಾನು ಕೆಲಸ ಮಾಡುವಂಥದ್ದು. ಕತ್ತು, ಬೆನ್ನು, ಮೀನಖಂಡದಲ್ಲಿರುವುದು ಎಲುಬಿಗೆ ಅಂಟಿಕೊಂಡ ಸ್ನಾಯು, ನಮ್ಮ ಇಚ್ಛೆಯಂತೆ ನಡೆಯುವುದು. ಎರಡಕ್ಕೂ ಬಿಗಿಯಾಗಲು ಬೇಕಾದದ್ದು ಒಂದೇ: ಜೀವಕೋಶದ ಒಳಗೆ ಕ್ಯಾಲ್ಸಿಯಂ ಏರಬೇಕು. ಆದರೆ ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ನಯ ಸ್ನಾಯು ಬೀದಿಯ ನಲ್ಲಿಯನ್ನು ನೆಚ್ಚಿಕೊಂಡ ಮನೆ. ಅದಕ್ಕೆ ಬೇಕಾದ ಕ್ಯಾಲ್ಸಿಯಂನ ದೊಡ್ಡ ಪಾಲು ಹೊರಗಿನಿಂದ, ಕೋಶದ ಹೊರಪೊರೆಯಲ್ಲಿರುವ ಪುಟ್ಟ ಬಾಗಿಲುಗಳ ಮೂಲಕ ಬರಬೇಕು. ಎಲುಬಿನ ಸ್ನಾಯುವಿಗೆ ಮನೆಯೊಳಗೇ ಬಾವಿಯಿದೆ. ನರದಿಂದ ಸುದ್ದಿ ಬಂದ ಕೂಡಲೇ ಒಳಗಿನ ದಾಸ್ತಾನಿನಿಂದಲೇ ಕ್ಯಾಲ್ಸಿಯಂ ಬಿಟ್ಟುಕೊಳ್ಳುತ್ತದೆ.

ಪೆಪ್ಪರ್‌ಮಿಂಟ್ ಎಣ್ಣೆಯ ಮುಖ್ಯ ಅಂಶ ಮೆಂಥಾಲ್. ಅದು ಅಡ್ಡ ಹಾಕುವುದು ಆ ಹೊರಬಾಗಿಲುಗಳನ್ನೇ. ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲ್ ಎಂದು ಅವಕ್ಕೆ ಹೆಸರು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಕೆಲಸ ಮಾಡುವುದೂ ಇವುಗಳ ಮೇಲೆಯೇ. ಗಿನಿ ಪಿಗ್ ಮತ್ತು ಮೊಲದ ಕರುಳಿನ ಮೇಲೆ ನಡೆದ ಪ್ರಯೋಗಗಳಲ್ಲಿ 1980ರ ದಶಕದ ಕೊನೆ ಮತ್ತು 1990ರ ದಶಕದ ಮೊದಲಲ್ಲೇ ಇದು ಸ್ಪಷ್ಟವಾಗಿತ್ತು. ಬಾಗಿಲು ಮುಚ್ಚಿದರೆ ಕರುಳು ಸಡಿಲ. ಎಲುಬಿನ ಸ್ನಾಯುವಿಗೆ ಅದರಿಂದ ಹೆಚ್ಚೇನೂ ಆಗಬೇಕಿಲ್ಲ.

ಈ ಪ್ರಯೋಗ ಹೇಗೆ ನಡೆಯುತ್ತದೆಂದು ಸ್ವಲ್ಪ ವಿವರವಾಗಿ ಹೇಳಬೇಕು. "ಸಂಶೋಧನೆಯಲ್ಲಿ ಸಾಬೀತಾಗಿದೆ" ಎಂದು ಬಾಟಲಿಯ ಮೇಲೆ ಬರೆಯುವಾಗ ಬಹಳ ಸಲ ಅವರ ಕೈಯಲ್ಲಿರುವ ಸಾಕ್ಷಿ ಇದೇ. ಜರ್ಮನಿಯ ರುಡಾಲ್ಫ್ ಮ್ಯಾಗ್ನಸ್ 1904ರಲ್ಲಿ ಬಳಕೆಗೆ ತಂದ ವಿಧಾನ, ಇವತ್ತಿಗೂ ಔಷಧಶಾಸ್ತ್ರದ ವಿದ್ಯಾರ್ಥಿಗಳು ಕಲಿಯುವಂಥದ್ದು. ಎರಡು ಮೂರು ಸೆಂಟಿಮೀಟರ್ ಉದ್ದದ ಕರುಳಿನ ತುಂಡನ್ನು ಗಾಜಿನ ಕೊಳವೆಯಲ್ಲಿ ಉಪ್ಪು, ಸಕ್ಕರೆಯ ದ್ರಾವಣದೊಳಗೆ ಇಳಿಬಿಡುತ್ತಾರೆ. ದ್ರಾವಣದ ಬಿಸಿ 37 ಡಿಗ್ರಿ, ತಳದಿಂದ ಆಮ್ಲಜನಕದ ಗುಳ್ಳೆ. ತುಂಡಿನ ಒಂದು ತುದಿ ಕೆಳಗೆ ಕಟ್ಟಿರುತ್ತದೆ, ಇನ್ನೊಂದು ತುದಿಯ ದಾರ ಬಿಗಿತ ಅಳೆಯುವ ಯಂತ್ರಕ್ಕೆ. ಸ್ನಾಯು ಕುಗ್ಗಲೆಂದು ನರಗಳು ಬಿಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹಾಕಿದರೆ ಕರುಳು ಸೆಟೆದುಕೊಳ್ಳುತ್ತದೆ, ತೆರೆಯ ಮೇಲಿನ ಗೆರೆ ಮೇಲೇಳುತ್ತದೆ. ಮೊದಲೇ ಪುದೀನ ಎಣ್ಣೆ ಬೆರೆಸಿದ್ದರೆ ಅಷ್ಟೇ ಅಸಿಟೈಲ್‌ಕೋಲಿನ್‌ಗೆ ಗೆರೆ ಅರ್ಧಕ್ಕೇ ನಿಲ್ಲುತ್ತದೆ, ಎಣ್ಣೆ ಜಾಸ್ತಿಯಿದ್ದರೆ ಏಳುವುದೇ ಇಲ್ಲ. ಆಮೇಲೆ ಹಳೆಯ ದ್ರಾವಣ ಚೆಲ್ಲಿ ಹೊಸದು ತುಂಬುತ್ತಾರೆ. ಕರುಳು ಮತ್ತೆ ಮೊದಲಿನಂತೆ ಕುಗ್ಗಿದರೆ ಮಾತ್ರ ಎಣ್ಣೆ ಅದನ್ನು ಸಡಿಲಿಸಿತ್ತು ಎನ್ನಬಹುದು. ತೊಳೆದ ಮೇಲೂ ಕುಗ್ಗದಿದ್ದರೆ? ಎಣ್ಣೆ ಆ ತುಂಡನ್ನು ಹಾಳು ಮಾಡಿದೆ ಎಂದರ್ಥ. ಸತ್ತ ಸ್ನಾಯುವೂ ಗ್ರಾಫಿನಲ್ಲಿ ಸಡಿಲವಾಗಿಯೇ ಕಾಣುತ್ತದೆ. ಜಾನಪದ ಔಷಧಿಗಳ ಬಗ್ಗೆ ಬರುವ ಲೇಖನಗಳಲ್ಲಿ ನಾನು ಮೊದಲು ಹುಡುಕುವುದು ಈ ತೊಳೆದ ನಂತರದ ಗೆರೆಯನ್ನೇ. ಅದು ಎಷ್ಟೋ ಸಲ ಇರುವುದೇ ಇಲ್ಲ.

ಈ ಪರೀಕ್ಷೆಯಲ್ಲಿ ಗೆಲ್ಲುವ ಎಣ್ಣೆಗಳು ಬೇಕಾದಷ್ಟಿವೆ. ಲ್ಯಾವೆಂಡರ್, ಲವಂಗ, ಮಜ್ಜಿಗೆ ಹುಲ್ಲು, ನೀಲಗಿರಿ ಎಲ್ಲವೂ ನಯ ಸ್ನಾಯುವನ್ನು ಸಡಿಲಿಸುತ್ತವೆ. ದಾರಿ ಮಾತ್ರ ಬೇರೆ ಬೇರೆ. ಲ್ಯಾವೆಂಡರಿನ ಲಿನಲೂಲ್ ಕೋಶದೊಳಗಿನ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಏರಿಸಿ ಕೆಲಸ ಮಾಡುವಂತೆ ಕಾಣುತ್ತದೆ. ಹೊಟ್ಟೆನೋವಿಗೆ ಓಮ, ಸೋಂಪು, ಪುದೀನಗಳನ್ನು ಹಿಂದಿನವರು ಆರಿಸಿಕೊಂಡದ್ದು ಸುಮ್ನೆ ಅಲ್ಲ. ಅವರು ಆರಿಸಿದ್ದು ಹೊಟ್ಟೆಗೆ ಎಂಬುದನ್ನು ಮಾತ್ರ ಮರೆಯಬೇಡಿ.

ಎಲುಬಿನ ಸ್ನಾಯುವಿಗೂ ಇಂಥದ್ದೇ ಪರೀಕ್ಷೆಯಿದೆ. 1946ರಲ್ಲಿ ಎಡಿತ್ ಬುಲ್‌ಬ್ರಿಂಗ್ ರೂಪಿಸಿದ್ದು. ಇಲಿಯ ವಪೆಯನ್ನು, ಅಂದರೆ ಉಸಿರಾಟದ ಮುಖ್ಯ ಸ್ನಾಯುವನ್ನು, ಅದರ ನರದ ಸಮೇತ ತೆಗೆದು ದ್ರಾವಣದಲ್ಲಿಟ್ಟು ನರಕ್ಕೆ ಸಣ್ಣ ವಿದ್ಯುತ್ ಕೊಡುತ್ತಾರೆ. ಇಲ್ಲಿ ಎಣ್ಣೆಗಳ ಆಟ ಅಷ್ಟು ಸರಳವಾಗಿಲ್ಲ. ಕೆಲವು ಎಣ್ಣೆ ಹಾಕಿದಾಗ ಸ್ನಾಯುವಿನ ಮಿಡಿತ ತಗ್ಗುತ್ತದೆ. ಇನ್ನು ಕೆಲವು ಹಾಕಿದಾಗ ಸುಮ್ಮನಿದ್ದ ಸ್ನಾಯುವೇ ಬಿಗಿಯಾಗುತ್ತದೆ! ಓಮದಲ್ಲಿರುವ ಥೈಮಾಲ್, ಲವಂಗದ ಯೂಜಿನಾಲ್ ಪ್ರಮಾಣ ಜಾಸ್ತಿಯಾದಾಗ ಸ್ನಾಯುವಿನ ಒಳದಾಸ್ತಾನಿನಿಂದ ಕ್ಯಾಲ್ಸಿಯಂ ಹೊರಬರುವಂತೆ ಮಾಡುತ್ತವೆ. ಕರುಳನ್ನು ಸಡಿಲಿಸಿದ ವಸ್ತುವೇ ಇಲ್ಲಿ ಉಲ್ಟಾ ಹೊಡೆಯಿತು. ಹಾಗಾಗಿ "ಈ ಎಣ್ಣೆ ಸ್ನಾಯು ಸಡಿಲಿಸುತ್ತದೆ" ಎಂದು ಯಾರಾದರೂ ಹೇಳಿದರೆ ಯಾವ ಸ್ನಾಯು ಎಂದು ಕೇಳಿ.

ಲಿನಲೂಲ್ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಬಿಡುಗಡೆಯಾಗುವುದನ್ನು ಕಡಿಮೆ ಮಾಡುತ್ತದೆ ಎಂದು ಇಲಿಗಳ ಸ್ನಾಯುವಿನಲ್ಲಿ ತೋರಿಸಿದ್ದಾರೆ. ಆಹಾ, ಲ್ಯಾವೆಂಡರ್ ಗೆದ್ದಿತು ಎನ್ನುತ್ತೀರಾ? ಈಗ ಪ್ರಮಾಣಕ್ಕೆ ಬರೋಣ.

1992ರಲ್ಲಿ ಒಬ್ಬ ವ್ಯಕ್ತಿಯ ಹೊಟ್ಟೆಯ ಚರ್ಮದ ಮೇಲೆ ಲ್ಯಾವೆಂಡರ್ ಬೆರೆಸಿದ ಕಡಲೆಕಾಯಿ ಎಣ್ಣೆ ಹಚ್ಚಿ ತಿಕ್ಕಿ, ಆಗಾಗ ರಕ್ತ ತೆಗೆದು ಪರೀಕ್ಷಿಸಿದರು. ಐದೇ ನಿಮಿಷದಲ್ಲಿ ಲಿನಲೂಲ್ ರಕ್ತದಲ್ಲಿ ಕಾಣಿಸಿತು. ಸುಮಾರು 19ನೇ ನಿಮಿಷಕ್ಕೆ ಅತಿ ಹೆಚ್ಚು, ಮಿಲಿಲೀಟರಿಗೆ 100 ನ್ಯಾನೋಗ್ರಾಂ ಆಸುಪಾಸು. ಒಂದೂವರೆ ಗಂಟೆಯಲ್ಲಿ ಹೆಚ್ಚುಕಡಿಮೆ ಖಾಲಿ. ಎಣ್ಣೆ ಚರ್ಮ ದಾಟುತ್ತದೆ ಎನ್ನುವುದಕ್ಕೆ ಇದನ್ನು ಎಲ್ಲರೂ ಉದಾಹರಿಸುತ್ತಾರೆ, ಅದು ಸರಿಯೇ. ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಿ. ಗಾಜಿನ ಕೊಳವೆಯಲ್ಲಿ ಸ್ನಾಯು ಸಡಿಲವಾಗಲು ಸಾಮಾನ್ಯವಾಗಿ ಮಿಲಿಲೀಟರಿಗೆ ಹತ್ತಾರು ಮೈಕ್ರೋಗ್ರಾಂ ಬೇಕು. 100 ನ್ಯಾನೋಗ್ರಾಂ ಅಂದರೆ 0.1 ಮೈಕ್ರೋಗ್ರಾಂ. ನೂರಾರು ಪಟ್ಟು ಅಂತರ. ಹಚ್ಚಿದ ಜಾಗದ ಕೆಳಗೇ ಪ್ರಮಾಣ ಇದಕ್ಕಿಂತ ಸ್ವಲ್ಪ ಹೆಚ್ಚಿರಬಹುದು, ಒಪ್ಪುತ್ತೇನೆ. ಆದರೆ ಚರ್ಮದಡಿಯ ಕೊಬ್ಬು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳಗಳು ಉಳಿದದ್ದನ್ನು ಒಯ್ದುಬಿಡುತ್ತವೆ. ಕತ್ತಿನ ಆಳದ ಸ್ನಾಯುವಿನವರೆಗೆ ಹೋಗುವುದು ಅತ್ಯಲ್ಪ.

ಕ್ಯಾಪ್ಸೂಲಿನ ಕಥೆ ಇದಕ್ಕೆ ತದ್ವಿರುದ್ಧ. ಒಂದು ಕ್ಯಾಪ್ಸೂಲಿನಲ್ಲಿ ಸುಮಾರು 0.2 ಮಿಲಿಲೀಟರ್, ಅಂದರೆ 180 ಮಿಲಿಗ್ರಾಂ ಎಣ್ಣೆ. ಹೊರಕವಚ ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗುತ್ತದೆ. ಇಷ್ಟೂ ಎಣ್ಣೆ ಕರುಳಿನ ಸ್ವಲ್ಪ ದೂರದೊಳಗೇ, ಸ್ನಾಯುವಿನ ಮಗ್ಗುಲಲ್ಲೇ ಬಿಡುಗಡೆಯಾಗುತ್ತದೆ. ಗಾಜಿನ ಕೊಳವೆಯ ಪ್ರಯೋಗವನ್ನು ದೇಹದೊಳಗೆ ಮಾಡಿದ ಹಾಗೆಯೇ ಅದು. ಜಪಾನಿನಲ್ಲಿ ಇನ್ನೂ ನೇರವಾಗಿ ಬಳಸುತ್ತಾರೆ: ಎಂಡೋಸ್ಕೋಪಿ ಮಾಡುವಾಗ ಜಠರ ಅಲುಗಾಡದಿರಲಿ ಎಂದು 20 ಮಿಲಿಲೀಟರ್ ದ್ರವದಲ್ಲಿ 160 ಮಿಲಿಗ್ರಾಂ ಮೆಂಥಾಲ್ ಅನ್ನು ಒಳಗೋಡೆಗೇ ಸಿಂಪಡಿಸುತ್ತಾರೆ.

ಹೊಟ್ಟೆಯ ವಿಷಯದಲ್ಲೂ ಅತಿ ಉತ್ಸಾಹ ಬೇಡ. ಕೆರಳಿದ ಕರುಳಿನ ತೊಂದರೆಗೆ, ಅಂದರೆ ಐಬಿಎಸ್‌ಗೆ, ಪೆಪ್ಪರ್‌ಮಿಂಟ್ ಎಣ್ಣೆ ಪ್ರಯತ್ನಿಸಬಹುದು ಎಂದು ಹೊಟ್ಟೆ, ಕರುಳಿನ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ 2021ರಲ್ಲಿ ಸಲಹೆ ಕೊಟ್ಟಿತು, ಪುರಾವೆ ಅಷ್ಟು ಗಟ್ಟಿಯಿಲ್ಲ ಎಂಬುದನ್ನೂ ಜೊತೆಗೇ ಹೇಳಿತು. 2020ರಲ್ಲಿ ಬಂದ ನೆದರ್‌ಲೆಂಡ್ಸಿನ ಅಧ್ಯಯನದಲ್ಲಿ 190 ಜನ ಎಂಟು ವಾರ ಕ್ಯಾಪ್ಸೂಲ್ ತೆಗೆದುಕೊಂಡರು. ಮುಖ್ಯ ಅಳತೆಗೋಲಿನಲ್ಲಿ ಅದು ಹುಸಿ ಮಾತ್ರೆಗಿಂತ ಸ್ಪಷ್ಟವಾಗಿ ಮುಂದೆ ಬರಲಿಲ್ಲ, ಹೊಟ್ಟೆನೋವಿನ ಬೇರೆ ಕೆಲವು ಅಳತೆಗಳಲ್ಲಿ ಬಂತು. ಇನ್ನೊಂದು ಮಾತು: ಕ್ಯಾಪ್ಸೂಲನ್ನು ಕಚ್ಚಬೇಡಿ, ಆಂಟಾಸಿಡ್ ಜೊತೆ ನುಂಗಬೇಡಿ. ಕವಚ ಮೊದಲೇ ಕರಗಿದರೆ ಎಣ್ಣೆ ಅನ್ನನಾಳದ ಕೆಳಬಾಗಿಲಿನ ಸ್ನಾಯುವನ್ನೂ ಸಡಿಲಿಸಿ ಎದೆಯುರಿ ತರುತ್ತದೆ.

ಹಾಗಾದರೆ ಕತ್ತಿಗೆ ಹಚ್ಚಿದಾಗ ಹಾಯೆನಿಸುವುದು ಬರೀ ಭ್ರಮೆಯೇ? ಅಲ್ಲ. ಹಾಯೆನಿಸುವುದು ನಿಜ, ಕಾರಣ ಬೇರೆ ಅಷ್ಟೆ.

ಚರ್ಮದ ನರತುದಿಗಳಲ್ಲಿ ತಂಪು ಗುರುತಿಸುವ ಒಂದು ಪ್ರೋಟೀನ್ ಇದೆ, ಟಿಆರ್‌ಪಿಎಂ8. ಹೊರಗಿನ ಬಿಸಿ ಸುಮಾರು 26 ಡಿಗ್ರಿಗಿಂತ ಇಳಿದಾಗ ಅದು ಎಚ್ಚರಗೊಳ್ಳುತ್ತದೆ. ಮೆಂಥಾಲ್ ಅದಕ್ಕೆ ಅಂಟಿಕೊಂಡರೆ ತಂಪಿಲ್ಲದಿದ್ದರೂ ತಂಪೆಂಬ ಸುದ್ದಿ ಮಿದುಳಿಗೆ ಹೋಗುತ್ತದೆ. 2002ರಲ್ಲಿ ಇದನ್ನು ಕಂಡುಹಿಡಿದ ಎರಡು ತಂಡಗಳ ಮುಖ್ಯಸ್ಥರು ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್. 2021ರ ನೊಬೆಲ್ ಹಂಚಿಕೊಂಡವರೂ ಇವರೇ. ಕರ್ಪೂರ ಬಿಸಿ ಗುರುತಿಸುವ ಪ್ರೋಟೀನುಗಳನ್ನು ಕೆರಳಿಸುತ್ತದೆ. ಚರ್ಮದಿಂದ ಇಂಥ ಜೋರು ಸುದ್ದಿ ಹೋಗುತ್ತಿರುವಾಗ ಆಳದ ನೋವಿನ ಸುದ್ದಿ ಬೆನ್ನುಹುರಿಯಲ್ಲೇ ಹಿಂದೆ ಬೀಳುತ್ತದೆ. ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟ ವಾದದ ಸಾರ ಇದು. ವಿವರಗಳು ಆಮೇಲೆ ಬದಲಾಗಿವೆ, ಮೂಲ ವಿಚಾರ ಉಳಿದಿದೆ. ನೋವು ತಗ್ಗಿದರೆ ಆ ಜಾಗವನ್ನು ಕಾಪಾಡಲೆಂದು ಬಿಗಿಹಿಡಿದಿದ್ದ ಸ್ನಾಯುವೂ ಸ್ವಲ್ಪ ಬಿಡುತ್ತದೆ. ಎಣ್ಣೆ ಸ್ನಾಯುವನ್ನು ಮುಟ್ಟದೆಯೇ ಆಗುವ ಕೆಲಸ. ತಂಪು ಆರಿದ ಕೂಡಲೇ ನಿಮಗೆ "ಮತ್ತೆ ಅದೇ ಕಥೆ" ಆಗುವುದೂ ಇದಕ್ಕೇ.

ಬಿಗಿತ ಎಂಬ ಅನುಭವವೇ ವಿಚಿತ್ರ. ಬೆನ್ನು ಬಿಗಿಯಾಗಿದೆ ಎನ್ನುವವರ ಬೆನ್ನನ್ನು ಯಂತ್ರದಿಂದ ಒತ್ತಿ ಅಳೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಿಗೆ ಅನಿಸುತ್ತಿದ್ದ ಬಿಗಿತಕ್ಕೂ ಯಂತ್ರಕ್ಕೆ ಸಿಕ್ಕ ಬಿಗಿತಕ್ಕೂ ತಾಳೆಯಾಗಲಿಲ್ಲ. ಆ ಭಾವನೆಯಲ್ಲಿ ಮಿದುಳಿನ ಪಾಲು ದೊಡ್ಡದು. ಆದ್ದರಿಂದ ಚರ್ಮ, ಮೂಗು, ಕೈಸ್ಪರ್ಶ ಇವುಗಳಿಂದ ಬರುವ ಉಪಶಮನವನ್ನು ನಾನು ಕೀಳಾಗಿ ನೋಡುವುದಿಲ್ಲ.

ಮೂಗಿನ ವಿಷಯದಲ್ಲಿ ಲ್ಯಾವೆಂಡರಿಗೆ ಒಳ್ಳೆಯ ಸಾಕ್ಷಿಯಿದೆ. ಜಪಾನಿನ ಕಾಗೋಶಿಮಾ ವಿಶ್ವವಿದ್ಯಾಲಯದವರು 2018ರಲ್ಲಿ ಇಲಿಗಳಿಗೆ ಲಿನಲೂಲ್ ವಾಸನೆ ತೋರಿಸಿದರು. ಇಲಿಗಳ ಆತಂಕ ಕಡಿಮೆಯಾಯಿತು, ಓಡಾಟ ಕುಂಠಿತವಾಗಲಿಲ್ಲ. ವಾಸನಾಶಕ್ತಿ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಏನೂ ಆಗಲಿಲ್ಲ. ಅಂದರೆ ಕೆಲಸ ಮಾಡಿದ್ದು ವಾಸನೆಯೇ. ಶ್ವಾಸಕೋಶದಿಂದ ರಕ್ತಕ್ಕೆ ಇಳಿದ ಲಿನಲೂಲ್ ಅಲ್ಲ. ಮನುಷ್ಯರಲ್ಲಿ 80 ಮಿಲಿಗ್ರಾಂನ ಒಂದು ವಿಶೇಷ ಲ್ಯಾವೆಂಡರ್ ಕ್ಯಾಪ್ಸೂಲ್ ಜರ್ಮನಿಯಲ್ಲಿ ಆತಂಕದ ಚಡಪಡಿಕೆಗೆ ಔಷಧಿಯಾಗಿಯೇ ಮಾರಾಟವಾಗುತ್ತದೆ. ಕೆಲಸದ ಒತ್ತಡಕ್ಕೆ ಭುಜ ಏರಿಸಿಕೊಂಡೇ ಕೂರುವವರಲ್ಲಿ ನೀವೂ ಒಬ್ಬರಾದರೆ ಲ್ಯಾವೆಂಡರ್ ನಿಮಗೆ ಮೂಗಿನ ದಾರಿಯಿಂದ ಉಪಯೋಗಕ್ಕೆ ಬರಬಹುದು. ಹಾಗೆಂದು ಬಾಟಲಿಯ ಎಣ್ಣೆ ಕುಡಿಯಬೇಡಿ, ಅದೂ ಕ್ಯಾಪ್ಸೂಲೂ ಒಂದೇ ಅಲ್ಲ.

ಇನ್ನು ತಿಕ್ಕುವ ಕೈ. ಎಣ್ಣೆಯಿಂದ ಆಗಿದ್ದೆಷ್ಟು, ಕೈಯಿಂದ ಆಗಿದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಲ್ಯಾವೆಂಡರ್ ವಾಸನೆ ಯಾರಿಗೆ ತಾನೇ ಗೊತ್ತಾಗುವುದಿಲ್ಲ? ಹೋಲಿಸಿ ನೋಡುವ ಅಧ್ಯಯನದಲ್ಲಿ ಯಾವ ಗುಂಪಿಗೆ ಲ್ಯಾವೆಂಡರ್ ಬೆರೆಸಿದ ಎಣ್ಣೆ, ಯಾವ ಗುಂಪಿಗೆ ಬರೀ ಎಣ್ಣೆ ಎಂಬ ಗುಟ್ಟು ಮೊದಲ ದಿನವೇ ರಟ್ಟಾಗುತ್ತದೆ. ನನ್ನನ್ನು ಕೇಳಿದರೆ ಕತ್ತಿನ ಬಿಗಿತಕ್ಕೆ ದೊಡ್ಡ ಪಾಲು ಕೈಯದು. ಜೊತೆಗೆ ಅರ್ಧ ಗಂಟೆಗೊಮ್ಮೆ ಎದ್ದು ಭುಜ ತಿರುಗಿಸುವುದು ಯಾವ ಬಾಟಲಿಗಿಂತಲೂ ಮೇಲು.

ನೀವು ಕೇಳಿದ ಪಟ್ಟಿಯಲ್ಲಿ ವಿಂಟರ್‌ಗ್ರೀನ್ ಬೇರೆ ಥರದ್ದು. ಅದರಲ್ಲಿ ಶೇಕಡ 98ಕ್ಕೂ ಹೆಚ್ಚು ಮೀಥೈಲ್ ಸ್ಯಾಲಿಸಿಲೇಟ್, ಅಂದರೆ ಆಸ್ಪಿರಿನ್‌ನ ಹತ್ತಿರದ ನೆಂಟ. ಇದು ಚರ್ಮ ದಾಟಿ ಕೆಳಗಿನ ಅಂಗಾಂಶದವರೆಗೂ ಹೋಗುತ್ತದೆ. ಸ್ನಾಯು ಸಡಿಲಿಸುವುದಿಲ್ಲ, ನೋವು ಮತ್ತು ಉರಿಯೂತ ತಗ್ಗಿಸುತ್ತದೆ. ಚೆನ್ನಾಗಿ ಒಳಹೋಗುವುದರಿಂದಲೇ ಹುಷಾರಾಗಿರಬೇಕು. ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ಎಣ್ಣೆ ಕುಡಿದರೆ ಸುಮಾರು 7 ಗ್ರಾಂ ಆಸ್ಪಿರಿನ್ ನುಂಗಿದ ಹಾಗೆ. 325 ಮಿಲಿಗ್ರಾಂನ ಇಪ್ಪತ್ತಕ್ಕೂ ಹೆಚ್ಚು ಮಾತ್ರೆ. ರಕ್ತ ತೆಳುಮಾಡುವ ವಾರ್ಫರಿನ್ ತೆಗೆದುಕೊಳ್ಳುವವರು, ಆಸ್ಪಿರಿನ್ ಆಗದವರು, ಗರ್ಭಿಣಿಯರು ಇದನ್ನು ಹಚ್ಚಲೂ ಬಾರದು.

ಬೆರೆಸುವ ಲೆಕ್ಕ ಸುಲಭ. ದೊಡ್ಡವರ ಮೈಗೆ ಶೇಕಡ 2 ಸಾಕು. 10 ಮಿಲಿಲೀಟರ್ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಗೆ 0.2 ಮಿಲಿಲೀಟರ್, ಅಂದರೆ ನಾಲ್ಕರಿಂದ ಆರು ಹನಿ. ಹನಿಯ ಗಾತ್ರ ಬಾಟಲಿಯಿಂದ ಬಾಟಲಿಗೆ ಬದಲಾಗುವುದರಿಂದ ನಾಲ್ಕರಿಂದಲೇ ಶುರು ಮಾಡಿ. ಜಾಸ್ತಿ ಹಾಕಿದರೆ ಸ್ನಾಯುವಿಗೆ ಜಾಸ್ತಿ ಹೋಗುವುದಿಲ್ಲ, ಚರ್ಮ ಮಾತ್ರ ಉರಿಯುತ್ತದೆ. ಮೊದಲು ಮೊಳಕೈ ಒಳಭಾಗಕ್ಕೆ ಒಂದಿಷ್ಟು ಹಚ್ಚಿ ಒಂದು ದಿನ ನೋಡಿ. ತೆರೆದು ಬಹಳ ಕಾಲವಾದ ಲ್ಯಾವೆಂಡರ್ ಬಾಟಲಿ ಬೇಡ. ಗಾಳಿ ತಾಗಿ ಲಿನಲೂಲ್ ಕೆಟ್ಟಾಗ ಹುಟ್ಟುವ ವಸ್ತುಗಳೇ ಅಲರ್ಜಿಗೆ ಮುಖ್ಯ ಕಾರಣ. ಮೆಂಥಾಲ್ ಅಥವಾ ವಿಂಟರ್‌ಗ್ರೀನ್ ಹಚ್ಚಿದ ಜಾಗಕ್ಕೆ ಬಿಸಿ ಶಾಖ ಕೊಡಬೇಡಿ, ಬಟ್ಟೆ ಬಿಗಿದು ಕಟ್ಟಬೇಡಿ. ಇಂಥ ಮುಲಾಮುಗಳಿಂದ ಚರ್ಮ ಸುಟ್ಟ ಪ್ರಕರಣಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಮಗನಿಗೆ ಇವು ಯಾವುದನ್ನೂ ಹಚ್ಚಬೇಡಿ. ಕರ್ಪೂರ ಅಂತೂ ಮನೆಯಲ್ಲಿ ಅವನ ಕೈಗೆ ಸಿಗುವಲ್ಲಿ ಇರಲೇಬಾರದು. ಹೊಟ್ಟೆಗೆ ಹೋದರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಒಂದು ಗ್ರಾಂನಷ್ಟಕ್ಕೇ ಪುಟ್ಟ ಮಗು ತೀರಿಕೊಂಡ ದಾಖಲೆಯಿದೆ. ನೀಲಗಿರಿ ಎಣ್ಣೆ ಕುಡಿದ ಮಕ್ಕಳಿಗೂ ಫಿಟ್ಸ್ ಬಂದಿದೆ. ಮೆಂಥಾಲ್ ತೀರಾ ಚಿಕ್ಕ ಮಕ್ಕಳ ಮೂಗಿನ ಹತ್ತಿರ ಹೋದರೆ ಗಂಟಲು ಬಿಗಿದು ಉಸಿರು ಕಟ್ಟುವ ಅಪಾಯವಿದೆ. ಹಾಗೇನಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗದೆ ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಅವನ ನೋವು ಎರಡೂ ಕಾಲಿನಲ್ಲಿ, ತೊಡೆ ಅಥವಾ ಮೀನಖಂಡದಲ್ಲಿ, ಸಂಜೆ ರಾತ್ರಿ ಮಾತ್ರ ಬಂದು ಬೆಳಗಾಗುವಷ್ಟರಲ್ಲಿ ಮಾಯವಾಗಿ ಹಗಲೆಲ್ಲ ಓಡಾಡಿಕೊಂಡಿರುತ್ತಾನೆಂದರೆ ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಕಾಣುವ ಬೆಳವಣಿಗೆಯ ನೋವು ಇರಬಹುದು. ಬರೀ ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ನೀವಿ, ಕಾಲು ನಿಧಾನಕ್ಕೆ ಚಾಚಿಸಿ. ನೋವು ಒಂದೇ ಕಾಲಿನಲ್ಲಿದ್ದರೆ, ಬೆಳಿಗ್ಗೆ ಕುಂಟುತ್ತಿದ್ದರೆ, ಕೀಲು ಊದಿದ್ದರೆ, ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ ಎಣ್ಣೆಯ ಮಾತು ಬಿಟ್ಟು ಮಕ್ಕಳ ಡಾಕ್ಟರಿಗೆ ತೋರಿಸಿ. ನಿಮ್ಮ ಕತ್ತುನೋವು ಕೂಡ ಕೈಗೆ ಇಳಿಯುತ್ತಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ ನೀವೂ ತೋರಿಸಿಕೊಳ್ಳಿ.